ಕಟ್ಟಿ ಮುಗಿಸಿದ ಕಾರು

ಕಾರು ಮಾರುತ್ತೇನೆ ಎಂದು ರಜನಿ ಹೇಳಿದ್ದು ಒಂದು ಶನಿವಾರ ಬೆಳಿಗ್ಗೆ, ಗೋಪಾಲ ದೋಸೆ ಮಗುಚುತ್ತಿದ್ದಾಗ. ಅವನು ಸಟ್ಟುಗ ಹಿಡಿದುಕೊಂಡೇ ಹೆಂಡತಿಯ ಕಡೆ ತಿರುಗಿದ. ದೋಸೆ ಕಾವಲಿಯ ಮೇಲೆ ಕರಕಾಯಿತು.

"ಯಾವ ಕಾರು?"

"ನಂದು. ನಾನು ಕಟ್ಟಿದ್ದು."

"ನಿಂಗೇನ್ ತಲೆ ಕೆಟ್ಟಿದ್ಯಾ? ಆರು ವರ್ಷ ಕಣೇ! ರಿಜಿಸ್ಟರ್ ಆಗಿ ಇನ್ನೂ ಮೂರು ತಿಂಗಳಾಗಿಲ್ಲ!"

"ಗೊತ್ತು" ಎಂದಳು ರಜನಿ. ಒಲೆ ಆರಿಸಿದವಳೂ ಅವಳೇ.

ಗೋಪಾಲನ ಸಿಟ್ಟು ಅವಳಿಗೆ ಸೋಜಿಗ ಹುಟ್ಟಿಸಿತು. ಆ ಕಾರಿನಿಂದ ಯಾರಾದರೂ ಪಾಡು ಪಟ್ಟಿದ್ದರೆ ಅದು ಅವನೇ. ಆರು ಚಳಿಗಾಲ ಗ್ಯಾರೇಜು ಹೆಂಡತಿಯ ಪಾಲಾಗಿ, ಅವನ ಕಾರು ಬಯಲಲ್ಲಿ ಹಿಮ ಹೊದ್ದು ನಿಂತಿತ್ತು. ಬೆಳಗಾದರೆ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತ ಕನ್ನಡದಲ್ಲಿ ಅವನು ಗೊಣಗುತ್ತಿದ್ದುದು ಸ್ವೀಡನ್ನಿನ ಕೊಲ್ಲೆರೆಡ್ ಊರಿನ ಆ ಇಡೀ ಬೀದಿಗೆ ಕೇಳುತ್ತಿತ್ತು. ಅರ್ಥವಾಗುವವರು ಇರಲಿಲ್ಲವೆಂಬುದೇ ಪುಣ್ಯ.

ರಜನಿಗೆ ಈಗ ಐವತ್ತೊಂದು. ಮೋಲ್ನ್‌ಡಾಲ್‌ನಲ್ಲಿರುವ ಔಷಧ ಕಂಪನಿಯೊಂದರ ಸಂಶೋಧನಾ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ. ಹೊಸ ಮಾತ್ರೆಗಳನ್ನು ಬಿಸಿಯಲ್ಲಿ, ತೇವದಲ್ಲಿ, ಬೆಳಕಿನಲ್ಲಿ ತಿಂಗಳುಗಟ್ಟಲೆ ಇಟ್ಟು, ಅವು ಎಷ್ಟು ಕಾಲ ಕೆಡದೆ ಉಳಿಯುತ್ತವೆ ಎಂದು ನೋಡುವುದು ಅವಳ ವಿಭಾಗದ ಹೊಣೆ. ಅವಳ ಕೈಯಲ್ಲಿ ಹಾದುಹೋದ ಹೊಸ ಔಷಧಗಳು ಹನ್ನೊಂದು. ಒಂದು ಮೊದಲ ಪ್ರಯೋಗದಲ್ಲೇ ನಿಂತಿತು, ಇನ್ನೊಂದು ಎರಡನೆಯದರಲ್ಲಿ, ಮತ್ತೊಂದನ್ನು ಮೇಲಿನವರೇ ಬೇಡವೆಂದರು. ಹನ್ನೊಂದರಲ್ಲಿ ಒಂದೂ ಅಂಗಡಿಯ ಕಪಾಟು ಕಾಣಲಿಲ್ಲ. ಅದು ಯಾರ ತಪ್ಪೂ ಅಲ್ಲ, ಆ ವಿದ್ಯೆಯ ಸ್ವಭಾವವೇ ಹಾಗೆ. ಆದರೂ ರೋಗಿಯೊಬ್ಬ ನೀರಿನ ಜೊತೆ ನುಂಗಿದ ಒಂದು ಮಾತ್ರೆಯನ್ನು ತೋರಿಸಿ 'ಇದರಲ್ಲಿ ನನ್ನ ಕೈಯಿದೆ' ಎಂದು ಹೇಳುವ ಯೋಗ ಅವಳಿಗೆ ಒದಗಿರಲಿಲ್ಲ.

ಹೀಗಿರುವಾಗ ಆರು ವರ್ಷದ ಹಿಂದೆ, ಊರು ಬಿಟ್ಟು ಹೊರಟ ಸಹೋದ್ಯೋಗಿಯೊಬ್ಬ, ನಾಲ್ಕು ವರ್ಷದಿಂದ ಬಿಚ್ಚದೇ ಇಟ್ಟಿದ್ದ ಒಂಬತ್ತು ಪೆಟ್ಟಿಗೆಗಳನ್ನು ಯಾರಾದರೂ ಒಯ್ದರೆ ಸಾಕು ಎಂದ. ಇಂಗ್ಲೆಂಡಿನ ಒಂದು ಸಣ್ಣ ಕಂಪನಿ ಕಳಿಸಿದ ಕಿಟ್ ಕಾರು ಅದು. ಚೌಕಟ್ಟು, ಮೈಯ ತಗಡು, ಕೊಳವೆ, ತಂತಿಗಳೆಲ್ಲ ಪೆಟ್ಟಿಗೆಯಲ್ಲಿದ್ದವು. ಎಂಜಿನ್ನು, ಗೇರು, ಚಕ್ರದ ಅಚ್ಚುಗಳನ್ನು ಹಳೆಯ ಕಾರೊಂದರಿಂದ ಕಿತ್ತು ಹೊಂದಿಸಿಕೊಳ್ಳಬೇಕಿತ್ತು. ಮೇಲ್ಛಾವಣಿಯಿಲ್ಲದ, ಬಾಗಿಲಿಲ್ಲದ, ಇಬ್ಬರು ಕೂರುವ ಪುಟ್ಟ ಕಾರು. ರಜನಿ ಅದುವರೆಗೆ ಸ್ಪ್ಯಾನರು ಮುಟ್ಟಿದವಳಲ್ಲ. ಕೈಪಿಡಿಯ ಮೊದಲ ಪುಟ ಓದಿದಳು. ಅವಳ ಪ್ರಯೋಗಾಲಯದ ಬರಹದ ಹಾಗೆಯೇ ಇತ್ತು: ಇದನ್ನು ಮಾಡು, ಅಳೆ, ಬರೆದಿಡು, ಮುಂದಿನದಕ್ಕೆ ಹೋಗು. ಅಳೆಯುವುದು, ಬರೆದಿಡುವುದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಉಳಿದದ್ದನ್ನು ಕಲಿತಳು. ಸಂಜೆ ತರಗತಿಗೆ ಹೋಗಿ ಬೆಸುಗೆ ಕಲಿತಳು. ತಂತಿ ಜೋಡಣೆಯನ್ನು ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ಸರಿಮಾಡಿದಳು. ಮದುವೆ ಮನೆಗೆ ಹೋದರೂ ಉಗುರಿನ ಸಂದಿಯ ಗ್ರೀಸು ಅವಳ ಜೊತೆಗೇ ಹೋಗುತ್ತಿತ್ತು. ಮೇ ತಿಂಗಳಲ್ಲಿ ಹವ್ಯಾಸಿ ವಾಹನ ಕಟ್ಟುವವರ ಸಂಘದ ತಪಾಸಣೆಗಾರ ಬಂದು ತೂಕ ನೋಡಿದ, ಬ್ರೇಕು ನೋಡಿದ, ಎರಡು ತಪ್ಪು ಬರೆದುಕೊಟ್ಟು ಹೋದ. ಎರಡು ವಾರ ಬಿಟ್ಟು ಮತ್ತೆ ಬಂದಾಗ ಕಾಗದಕ್ಕೆ ಸಹಿ ಹಾಕಿ, ಟೋಪಿ ತೆಗೆದು ಅವಳ ಕೈ ಕುಲುಕಿದ. ಸರ್ಕಾರದ ನೋಂದಣಿಯೂ ಆಗಿ ನಂಬರ್ ಪ್ಲೇಟು ಅಂಚೆಯಲ್ಲಿ ಬಂದ ದಿನ, ರಜನಿ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡುತ್ತ ಕೂತಿದ್ದಳು.

ಅಲ್ಲಿಂದ ಶುರುವಾಯಿತು ಗೋಪಾಲನ ಬೇಸಿಗೆ. ಸ್ವೀಡನ್ನಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಬಸ್‌ಸ್ಟಾಪಿನಲ್ಲಿ ಒಬ್ಬ ಅಪರಿಚಿತನೂ ಅವನನ್ನು ತಾನಾಗಿ ಮಾತಾಡಿಸಿದ್ದಿಲ್ಲ. ಮಾತುಗಾರ ಗಂಡಸಿಗೆ ಅದೊಂದು ಉಪವಾಸ. ಈ ಕೆಂಪು ಕಾರಿನಲ್ಲಿ ಹೆಂಡತಿಯ ಪಕ್ಕ ಕೂತು ಕುಂಗ್ಸ್‌ಬಾಕಾಕ್ಕೆ ಐಸ್‌ಕ್ರೀಮ್ ತಿನ್ನಲು ಹೋದರೆ, ಪೆಟ್ರೋಲ್ ಬಂಕಿನಲ್ಲಿ ಒಬ್ಬರು, ಸಿಗ್ನಲ್ಲಿನಲ್ಲಿ ಒಬ್ಬರು, ಅಂಗಡಿಯೆದುರು ನಾಲ್ಕು ಜನ! ಯಾವ ಎಂಜಿನ್ನು, ಎಷ್ಟು ತೂಕ, ಯಾರು ಕಟ್ಟಿದ್ದು? ಗೋಪಾಲ ಕೈ ಬೀಸಿ ಬೀಸಿ ಉತ್ತರ ಕೊಡುತ್ತಿದ್ದ. "ನನ್ನ ಹೆಂಡತಿ ಕಟ್ಟಿದ್ದು" ಎಂದು ಹೇಳುವಾಗ ಅವನ ಎದೆ ಉಬ್ಬುತ್ತಿತ್ತು.

ರಜನಿಗೆ ಮಾತ್ರ ಬೇರೆಯೇ ಆಗುತ್ತಿತ್ತು. ಜೂನ್ ತಿಂಗಳ ಮಿಡ್‌ಸಮ್ಮರ್ ಹಬ್ಬದ ದಿನ ಇಬ್ಬರೂ ಕರಾವಳಿಯ ದಾರಿಯಲ್ಲಿ ಹೋಗಿ ಬಂದರು. ಮನೆಗೆ ಬಂದಮೇಲೆ ಮಗಳು ನೈನಾ, "ಹೌ ವಾಸ್ ದ ಸೀ, ಅಮ್ಮಾ?" ಎಂದು ಕೇಳಿದಳು. ತಾನು ಸಮುದ್ರವನ್ನು ನೋಡಿಯೇ ಇಲ್ಲವೆಂದು ರಜನಿಗೆ ಆಗ ಹೊಳೆಯಿತು. ದಾರಿಯುದ್ದಕ್ಕೂ ಅವಳು ಕಿವಿಯಾಗಿ ಕೂತಿದ್ದಳು. ಎಡ ಚಕ್ರದ ಹತ್ತಿರ ಟಿಕ್ ಎಂದದ್ದೇನು? ಅದು ಕಲ್ಲೋ ನಟ್ಟೋ? ಪಕ್ಕದಲ್ಲಿ ಕೂತ ಗೋಪಾಲನಿಗೆ ರಸ್ತೆ, ಗಾಳಿ, ಬಿಸಿಲು. ಅವಳ ಮನಸ್ಸಿನಲ್ಲಿ ನಾನೂರು ಬೋಲ್ಟುಗಳು ಸಾಲಾಗಿ ಹಾಜರಿ ಹೇಳುತ್ತಿದ್ದವು. ಸಂಜೆ ಗ್ಯಾರೇಜಿಗೆ ಹೋದರೆ ಸಲಕರಣೆಗಳೆಲ್ಲ ಒರೆಸಿ ತೂಗುಹಾಕಿದಂತೆಯೇ ಇರುತ್ತಿದ್ದವು. ಮಾಡಲು ಕೆಲಸವಿರುತ್ತಿರಲಿಲ್ಲ.

ಹಾಗಾಗಿ ಮಾರಾಟಕ್ಕಿಟ್ಟಳು. ಜಾಹೀರಾತು ನೋಡಿ ಫೋನು ಮಾಡಿದವರೆಲ್ಲ ಮೊದಲು ಕೇಳಿದ್ದು ಒಂದೇ: ಯಾಕೆ ಮಾರುತ್ತಿದ್ದೀರಿ? ಕನ್ನಡ ಕೂಟದ ಪಾರ್ವತಿಯಂತೂ ದನಿ ತಗ್ಗಿಸಿ, "ಏನೋ ಪ್ರಾಬ್ಲಮ್ ಇರ್ಬೇಕಲ್ವಾ? ನಮ್ಮ ಹತ್ರ ಹೇಳ್ಬಹುದಪ್ಪಾ" ಎಂದಳು. ಕೇಳಿ ಕೇಳಿ ಸಾಕಾಗಿ ರಜನಿ 'ಬೆನ್ನು ನೋವು' ಎಂಬ ಉತ್ತರ ಹುಡುಕಿಕೊಂಡಳು. ಗೋಪಾಲ ಒಂದು ವಾರ ಅವಳ ಜೊತೆ ಅಗತ್ಯಕ್ಕಷ್ಟೇ ಮಾತಾಡಿದ.

ಆಗಸ್ಟ್ ಕೊನೆಯ ಭಾನುವಾರ ವಾರ್ಬರ್ಯ್‌ನಿಂದ ಗುನಿಲ್ಲಾ ಎಂಬಾಕೆ ಬಂದಳು. ಅರವತ್ತೇಳು ವರ್ಷ, ಕತ್ತರಿಸಿದ ಬಿಳಿ ಕೂದಲು, ಗಂಡಸಿನಂಥ ಹೆಗಲು. ಫೆರಿ ಹಡಗಿನ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ತನ್ನದೇ ಟಾರ್ಚು, ಉದ್ದ ಹಿಡಿಯ ಪುಟ್ಟ ಕನ್ನಡಿ, ಮಲಗಿ ಜಾರುವ ಹಲಗೆ ಎಲ್ಲ ತಂದಿದ್ದಳು. ನಮಸ್ಕಾರ ಮುಗಿದದ್ದೇ ಕಾರಿನ ಕೆಳಗೆ ಹೋದಳು. ಮುಕ್ಕಾಲು ಗಂಟೆ ಅವಳ ಬೂಟುಗಳು ಮಾತ್ರ ಹೊರಗೆ ಕಾಣುತ್ತಿದ್ದವು.

ರಜನಿ ಪಕ್ಕದಲ್ಲಿ ನಿಂತೇ ಇದ್ದಳು. ಇಷ್ಟು ದಿನ ನೆಂಟರು, ಸ್ನೇಹಿತರು ಕಾರನ್ನು ಹೊಗಳಿದ್ದರು. ಆ ಹೊಗಳಿಕೆ ಪ್ರೀತಿಯದು. ಪಾಯಸ ಚೆನ್ನಾಗಿದೆ ಎಂದ ಹಾಗೆ. ಇವಳಿಗೆ ಪ್ರೀತಿಯ ಹಂಗಿಲ್ಲ.

"ಇಲ್ಲಿ ಬನ್ನಿ" ಎಂದು ಕೆಳಗಿನಿಂದ ದನಿ ಬಂತು.

ರಜನಿ ನೆಲದ ಮೇಲೆ ಬೆನ್ನು ಹಾಕಿ ಒಳಗೆ ಸರಿದಳು. ಟಾರ್ಚಿನ ಬೆಳಕು ಒಂದು ಕಡೆ ನಿಂತಿತ್ತು. ಪೆಟ್ರೋಲ್ ಕೊಳವೆಯನ್ನು ಚೌಕಟ್ಟಿಗೆ ಬಿಗಿದಿಡುವ ಹಿಡಿಕೆಯೊಂದು ಬೆರಳಿನಷ್ಟು ಸರಿದು, ಕೊಳವೆ ತಗಡಿನ ಅಂಚಿಗೆ ತಾಗುತ್ತಿತ್ತು.

"ಎರಡು ಬೇಸಿಗೆ ಉಜ್ಜಿದರೆ ಇದು ತೂತಾಗುತ್ತದೆ" ಎಂದಳು ಗುನಿಲ್ಲಾ.

ರಜನಿಯ ಮುಖ ಬಿಸಿಯಾಯಿತು. ತಪಾಸಣೆಗಾರನಿಗೂ ಕಾಣದ್ದು, ತನಗೂ ಕಾಣದ್ದು. ಸಬೂಬು ಹೇಳಲಿಲ್ಲ. ಹೊರಗೆ ಬಂದು ಸಲಕರಣೆ ತೆಗೆದುಕೊಂಡು ಮತ್ತೆ ಒಳಗೆ ಹೋದಳು. ಹಿಡಿಕೆ ಬಿಚ್ಚಿದಳು, ಕೊಳವೆಯನ್ನು ಎತ್ತಿ ಕೂರಿಸಿದಳು, ಅಂಚಿಗೆ ರಬ್ಬರಿನ ಪಟ್ಟಿ ಹಾಕಿದಳು, ಎರಡನೆಯ ಹಿಡಿಕೆಯೊಂದನ್ನು ಸೇರಿಸಿ ಬಿಗಿದಳು. ಹನ್ನೆರಡು ನಿಮಿಷ. ಅಷ್ಟು ಹೊತ್ತೂ ಗುನಿಲ್ಲಾ ಕೊಳವೆಯನ್ನು ನೋಡದೆ ರಜನಿಯ ಕೈಗಳನ್ನೇ ನೋಡುತ್ತಿದ್ದಳು.

ಇಬ್ಬರೂ ಹೊರಗೆ ಬಂದು ನೆಲದ ಮೇಲೆಯೇ ಕೂತರು. ಗೋಪಾಲ ಕಾಫಿ ತಂದು ಬಾಗಿಲ ಬಳಿ ನಿಂತ.

"ಫೋನಿನಲ್ಲಿ ಬೆನ್ನು ನೋವು ಅಂದಿರಿ" ಎಂದಳು ಗುನಿಲ್ಲಾ. "ಬೆನ್ನು ನೋವಿದ್ದವರು ಹೀಗೆ ಎದ್ದು ಕೂರುವುದಿಲ್ಲ. ನಿಜ ಹೇಳಿ, ಯಾಕೆ ಮಾರುತ್ತಿದ್ದೀರಿ?"

ರಜನಿ ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಸ್ವೀಡಿಷ್ ಭಾಷೆಯಲ್ಲಿ ಅವಳಿಗೆ ಉದ್ದನೆಯ ಮಾತು ಬೇಗ ಬರುತ್ತಿರಲಿಲ್ಲ.

"ಕೆಲಸ ಮುಗಿದಿದೆ, ಅದಕ್ಕೆ" ಎಂದಳು. "ನಾನು ಓಡಿಸಲು ಕಟ್ಟಿದ್ದಲ್ಲ. ಕಟ್ಟಲಿಕ್ಕಾಗಿ ಕಟ್ಟಿದ್ದು. ನನ್ನ ಹತ್ತಿರ ಇರುವ ತನಕ ಇದು ನನ್ನ ಹವ್ಯಾಸ, ಗ್ಯಾರೇಜಿನಲ್ಲಿರುವ ಒಂದು ವಸ್ತು. ನನ್ನನ್ನು ಗೊತ್ತೇ ಇಲ್ಲದವರು ಇದನ್ನು ನಂಬಿ ಕೂತು ದೂರ ಹೋದರೆ, ಆಗ ಇದು ಕಾರು. ನಾನು ಮಾಡಿದ್ದು ಲೋಕದಲ್ಲಿ ಓಡಾಡಬೇಕು. ಅಷ್ಟೇ ನನ್ನ ಆಸೆ."

ಗುನಿಲ್ಲಾ ಕಾಫಿ ಕುಡಿದು ಮುಗಿಸಿ, "ನನ್ನ ಬೆರಳಿಗೆ ಈಗ ಸಣ್ಣ ನಟ್ಟು ಹಿಡಿಯಲು ಆಗುವುದಿಲ್ಲ. ಸಂಧಿವಾತ. ಸ್ಟೇರಿಂಗು ಹಿಡಿಯಬಲ್ಲೆ" ಎಂದಳು. "ಒಂದು ಸುತ್ತು ಹೋಗಿ ಬರಲೇ?"

ಜೊತೆಗೆ ಯಾರಾದರೂ ಹೋಗಬೇಕಿತ್ತು. ರಜನಿ ಗಂಡನ ಕಡೆ ನೋಡಿದಳು. "ನೀವು ಹೋಗ್ಬನ್ನಿ. ರಸ್ತೆ ತೋರ್ಸಿ."

ಗೋಪಾಲ ಬೇಡವೆನ್ನಲಿಲ್ಲ. ಬೆಲ್ಟು ಬಿಗಿದುಕೊಂಡು ಕೂತ. ಕಾರು ಇಳಿಜಾರಿನಲ್ಲಿ ಮೆಲ್ಲಗೆ ಇಳಿದು, ಬೀದಿಯ ತುದಿಯಲ್ಲಿ ತಿರುಗಿ, ದೊಡ್ಡ ರಸ್ತೆ ಸೇರಿತು. ಅದು ಗೇರು ಬದಲಿಸಿ ಏರು ಹತ್ತುವ ಸದ್ದು ಮರಗಳಾಚೆಯಿಂದ ಕೇಳಿ ಬಂದಾಗ ರಜನಿ ಬೆಚ್ಚಿದಳು. ತಾನು ಕಟ್ಟಿದ ಕಾರು ಓಡುವುದನ್ನು ಅವಳು ಹೊರಗೆ ನಿಂತು ನೋಡಿಯೇ ಇರಲಿಲ್ಲ, ಕೇಳಿಯೇ ಇರಲಿಲ್ಲ. ಯಾವಾಗಲೂ ಒಳಗೇ ಇದ್ದಳು. ಎಂಥ ತುಂಬು ದನಿ! ಎಲ್ಲೂ ತಡವರಿಕೆಯಿಲ್ಲ. ಎದುರು ಮನೆಯ ಮುದುಕ ಗಿಡ ಕತ್ತರಿಸುವುದನ್ನು ನಿಲ್ಲಿಸಿ ಆ ಕಡೆ ನೋಡಿದ. ರಜನಿಯ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗ್ರೀಸು ಮೆತ್ತಿಕೊಂಡಳು.

ಕಾಲು ಗಂಟೆಯಲ್ಲಿ ಬರಬೇಕಾದವರು ಮುಕ್ಕಾಲು ಗಂಟೆ ಬಿಟ್ಟು ಬಂದರು. ಗುನಿಲ್ಲಾಳ ಕನ್ನಡಕದ ಮೇಲೆ ಹುಳಗಳು ಅಂಟಿದ್ದವು. ಗೋಪಾಲನ ಕೂದಲು ನೆಟ್ಟಗೆ ನಿಂತಿತ್ತು. ಇಬ್ಬರೂ ಒಟ್ಟೊಟ್ಟಿಗೆ ಮಾತಾಡುತ್ತಿದ್ದರು.

"ತೆಗೆದುಕೊಳ್ಳುತ್ತೇನೆ" ಎಂದಳು ಗುನಿಲ್ಲಾ. ಚೌಕಾಸಿ ಮಾಡಲಿಲ್ಲ. ಮಾಲೀಕತ್ವದ ಬದಲಾವಣೆ ಫೋನಿನಲ್ಲೇ ಮುಗಿಯಿತು. ಆರು ವರ್ಷದ ಪ್ರತಿ ಅಳತೆ, ಪ್ರತಿ ಬೋಲ್ಟಿನ ಬಿಗಿ, ದಿನಾಂಕ ಸಹಿತ ಬರೆದಿಟ್ಟ ಮೂರು ದಪ್ಪ ಫೈಲುಗಳನ್ನು ರಜನಿ ಅವಳ ಕೈಗಿಟ್ಟಳು. ಗುನಿಲ್ಲಾ ಮೊದಲನೆಯದನ್ನು ಬಿಡಿಸಿ, ನಿಂತಲ್ಲೇ ನಾಲ್ಕು ಪುಟ ಓದಿದಳು. "ನಮ್ಮ ಹಡಗಿನಲ್ಲೂ ಯಾರೂ ಇಷ್ಟು ಚೊಕ್ಕಟವಾಗಿ ಬರೆದವರಿಲ್ಲ" ಎಂದಳು. ರಜನಿಗೆ ಆ ಮಾತು ಬೆಲೆಗಿಂತ ದೊಡ್ಡದಾಗಿ ಕಂಡಿತು.

ಕಾರು ಹೋದಮೇಲೆ ಗೋಪಾಲ ಖಾಲಿ ಗ್ಯಾರೇಜಿನ ಬಾಗಿಲಲ್ಲಿ ತುಸು ಹೊತ್ತು ನಿಂತ.

"ವಾರ್ಬರ್ಯ್‌ಗೆ ಬನ್ನಿ ಅಂದಿದ್ದಾರೆ, ಇಬ್ಬರನ್ನೂ" ಎಂದ. ಆಮೇಲೆ, "ನೀನು ಅವರ ಹತ್ರ ಹೇಳಿದ್ದು ಕೇಳಿಸ್ಕೊಂಡೆ. ನಂಗ್ ಮೊದ್ಲೇ ಹಾಗೆ ಹೇಳ್ಬಾರ್ದಿತ್ತಾ?"

"ನಂಗೇ ಗೊತ್ತಿರ್ಲಿಲ್ಲ ಕಣ್ರೀ" ಎಂದಳು ರಜನಿ. "ಆಕೆ ಕೇಳಿದ್ಮೇಲೆ ಗೊತ್ತಾಯ್ತು."

"ಆದ್ರೂ ಬೇಜಾರೇ" ಎಂದ ಅವನು, ಮುಚ್ಚುಮರೆಯಿಲ್ಲದೆ. ಅವಳು ಅವನ ಕೂದಲನ್ನು ಒತ್ತಿ ಕೂರಿಸಿದಳು. ಅದು ಕೂರಲಿಲ್ಲ.

ಸೆಪ್ಟೆಂಬರಿನ ಒಂದು ಗುರುವಾರ ಮೂರು ಗಂಟೆಯ 'ಫೀಕಾ' ಎಂಬ ಕಾಫಿ ಬಿಡುವಿನಲ್ಲಿ, ರಜನಿ ಸಹೋದ್ಯೋಗಿಗಳ ನಡುವೆ ಕಾಫಿ ಹಿಡಿದು ಕೂತಿದ್ದಾಗ ಫೋನಿಗೆ ಒಂದು ಚಿತ್ರ ಬಂತು. ಉತ್ತರದ ಯಾವುದೋ ಕಾಡುರಸ್ತೆ. ಕೆಂಪು ಬಣ್ಣ ಕಾಣದಷ್ಟು ಕೆಸರು ಮೆತ್ತಿಕೊಂಡ ಕಾರು, ಅದರ ಮುಂದೆ ಎರಡು ಹಿಮಸಾರಂಗಗಳು ದಾರಿ ಬಿಡದೆ ನಿಂತಿವೆ. ಕೆಳಗೆ ಗುನಿಲ್ಲಾ ಬರೆದಿದ್ದಳು: 'ಸಾವಿರದ ಆರುನೂರು ಕಿಲೋಮೀಟರು. ಒಂದು ನಟ್ಟೂ ಅಲುಗಿಲ್ಲ.'

ಪಕ್ಕದಲ್ಲಿದ್ದ ಹೊಸ ಹುಡುಗಿ ಬಗ್ಗಿ ನೋಡಿ, "ಅಬ್ಬಾ, ಯಾರ ಕಾರು ಇದು?" ಎಂದಳು.

ಕೆಲಸದ ಜಾಗದಲ್ಲಿ ತನ್ನ ಬಗ್ಗೆ ಹೇಳಿಕೊಳ್ಳುವ ರೂಢಿ ರಜನಿಗೆ ಇರಲಿಲ್ಲ. ಇಂದು ಅವಳು ಕಾಫಿ ಲೋಟವನ್ನು ಕೆಳಗಿಟ್ಟು, ಫೋನನ್ನು ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಟ್ಟಳು.

"ಗುನಿಲ್ಲಾ ಅಂತ, ವಾರ್ಬರ್ಯ್‌ನವರು, ಅವರದು" ಎಂದಳು. "ಕಟ್ಟಿದ್ದು ನಾನು."