ಹಳದಿ ಚೀಟಿಯಲ್ಲಿ ಬರೆದದ್ದು

ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯ ಮೂರನೇ ಮೇಜಿನವಳನ್ನು ಮನೆಯಲ್ಲಿ ಎಲ್ಲರೂ ಜಾರುಬಂಡೆ ಎಂದು ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ. ಈಜು ಕಲಿಯುತ್ತೇನೆಂದು ಹೋದವಳು ಕೊಳದ ಮೆಟ್ಟಿಲಿನಿಂದಲೇ ವಾಪಸಾಗಿದ್ದಳು. ಪಿಟೀಲಿನ ಪಾಠ ಎರಡೇ ವಾರಕ್ಕೆ ಮುಗಿದಿತ್ತು. ಅಕ್ಕನ ಜೊತೆ ಪ್ರವಾಸ ಹೊರಟವಳು ಬಸ್ಸು ಬಿಡುವ ಹೊತ್ತಿಗೆ ಹೊಟ್ಟೆನೋವೆಂದು ಇಳಿದುಬಿಟ್ಟಿದ್ದಳು. ಒಪ್ಪಿಕೊಳ್ಳುವಾಗ ಅವಳಷ್ಟು ಉತ್ಸಾಹ ಯಾರಿಗೂ ಇಲ್ಲ. ದಿನ ಹತ್ತಿರ ಬಂತೋ, ಕಾಲಿಗೆ ಬುದ್ಧಿ ಹೇಳುತ್ತಿದ್ದಳು.

ಈ ಸಲ ಒಪ್ಪಿಕೊಂಡಿದ್ದು ಮದುವೆಗೆ. ಅದೂ ಪಕ್ಕದ ಕೋಣೆಯಲ್ಲಿ ಕರಡು ತಿದ್ದುವವನ ಜೊತೆ. ಅದೂ ಇವತ್ತೇ, ಸಂಜೆ ನಾಲ್ಕಕ್ಕೆ, ನೋಂದಣಿ ಕಚೇರಿಯಲ್ಲಿ. ‘ಬಿ’ ಅಕ್ಷರದ ಪುಟಗಳು ಇವತ್ತು ಅಚ್ಚಿಗೆ ಹೋಗಲೇಬೇಕಾದ್ದರಿಂದ ಇಬ್ಬರಿಗೂ ಮೂರರ ತನಕ ರಜೆ ಸಿಕ್ಕಿರಲಿಲ್ಲ.

ಪ್ರಧಾನ ಸಂಪಾದಕರು ಕನ್ನಡಕದ ಮೇಲಿಂದ ನೋಡುತ್ತ ಬಂದರು.

"ಬ್ಯಾಕ್ ಔಟ್ ಅನ್ನೋದೊಂದು ಉಳಿದಿದೆ. ನೀನೇ ಬರಿಯಮ್ಮ. ನಿನ್ನಷ್ಟು ಅನುಭವ ಈ ಕಚೇರೀಲಿ ಬೇರೆ ಯಾರಿಗೂ ಇಲ್ಲ."

ಅರ್ಥ ಸಲೀಸಾಗಿ ಬಂತು: ಒಪ್ಪಿದ್ದರಿಂದ ಹಿಂದೆ ಸರಿಯುವುದು, ಕೈಕೊಡುವುದು, ನುಣುಚಿಕೊಳ್ಳುವುದು. ಮೂಲವೂ ಸಿಕ್ಕಿತು. ಮೊದಲು ಇದು ಬರೀ ಕಾಲಿನ ವಿಷಯ, ತಿರುಗದೆ ಹಿಂದು ಹಿಂದಕ್ಕೇ ಹೆಜ್ಜೆಯಿಟ್ಟು ಹೊರಬರುವುದು. ಕೊಟ್ಟ ಮಾತಿನಿಂದ ಹಾಗೆ ಹೊರಬರುವವರಿಗೆ ಅಂಟಿಕೊಂಡದ್ದು ಆಮೇಲೆ. ಅಷ್ಟು ಬರೆದು ಅವಳು ಬಾಗಿಲಿನ ಕಡೆ ನೋಡಿದಳು. ಬಾಗಿಲು ತೆರೆದೇ ಇತ್ತು. ಗಂಟೆ ಎರಡಾಗಿತ್ತು.

ಇನ್ನುಳಿದದ್ದು ಉದಾಹರಣೆ ವಾಕ್ಯ. ಅದರಲ್ಲಿ ಸಂಪಾದಕರದು ಒಂದೇ ಹಠ: ಕೂತು ಕಟ್ಟಿದ ವಾಕ್ಯ ಬೇಡ, ಯಾರಾದರೂ ನಿಜವಾಗಿ ಆಡಿದ ಮಾತೇ ಬೇಕು. ಅದನ್ನು ಹಳದಿ ಚೀಟಿಯಲ್ಲಿ ಬರೆದು ಗೋಡೆಯ ಕಿಂಡಿಯಲ್ಲಿಟ್ಟರೆ ಆಚೆ ಕೋಣೆಯ ಕರಡು ತಿದ್ದುವವನಿಂದ ಕೆಂಪು ಶಾಯಿಯ ತಿದ್ದುಪಡಿಯೊಂದಿಗೆ ವಾಪಸು ಬರುತ್ತಿತ್ತು.

ಅವಳು ಹಳದಿ ಚೀಟಿ ಎಳೆದುಕೊಂಡಳು. ಆದರೆ ಬರೆದದ್ದು ಉದಾಹರಣೆಯಲ್ಲ, ಪತ್ರ. ಕೈಗೆ ಸಿಕ್ಕಿದ ಕಾಗದ ಅದೊಂದೇ. ‘ನಾನು ಈ ಮದುವೆಯಿಂದ ಹಿಂದೆ ಸರಿಯುತ್ತಿದ್ದೇನೆ. ದಯವಿಟ್ಟು ಕ್ಷಮಿಸಿ.’ ಕಣ್ಣು ಮುಚ್ಚಿ ಕಿಂಡಿಗೆ ತಳ್ಳಿದಳು. ಕೈಚೀಲ ಹೆಗಲಿಗೇರಿಸಿಕೊಂಡಳು.

ಹೆಜ್ಜೆ ಕಿತ್ತಿಡುವಷ್ಟರಲ್ಲಿ ಚೀಟಿ ವಾಪಸು ಬಂತು. ‘ಸೊಗಸಾದ ವಾಕ್ಯ. ನಿಜವಾಗಿ ಯಾರೋ ಹೇಳಿದ ಹಾಗೇ ಇದೆ. ಆದರೆ ಕಾರಣವಿಲ್ಲದೆ ಓದುಗರಿಗೆ ಸಂದರ್ಭ ತಿಳಿಯದು. ಸೇರಿಸಿ.’

ಈ ಮನುಷ್ಯ ಅಕ್ಷರ ಕಂಡರೆ ಲೋಕ ಮರೆಯುತ್ತಾನೆಂದು ಅವಳಿಗೆ ಗೊತ್ತಿತ್ತು. ತನ್ನ ಮದುವೆಯನ್ನೇ ಮರೆಯುತ್ತಾನೆಂದು ಗೊತ್ತಿರಲಿಲ್ಲ. ರೇಗಿ ಇನ್ನೊಂದು ಚೀಟಿ ಬರೆದಳು: ‘ಏಕೆಂದರೆ ನನಗೆ ಭಯ.’

‘ಯಾವುದರ ಭಯ? ಸ್ಪಷ್ಟಪಡಿಸಿ.’

ಅವಳು ಕೈಚೀಲ ಇಳಿಸಿ ಕೂತಳು. ಇಷ್ಟು ವರ್ಷದಲ್ಲಿ ಇದೊಂದು ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ನಕ್ಕು ಸುಮ್ಮನಾಗಿದ್ದರು. ‘ನನ್ನ ಕೈಲಿ ಆಗದೆ ಹೋದರೆ ನಾಲ್ಕು ಜನ ನೋಡುತ್ತಾರೆಂಬ ಭಯ. ಮದುವೆಯಲ್ಲಾದರೆ ನೋಡುವವನು ಒಬ್ಬನೇ. ಅವನು ತುಂಬ ಒಳ್ಳೆಯವನು. ಅದಕ್ಕೇ ಭಯ ಜಾಸ್ತಿ.’

‘ತುಂಬ ಒಳ್ಳೆಯವನು ಎಂಬುದು ಸವಕಲು ಮಾತು. ನಿದರ್ಶನ ಕೊಡಿ.’

ಅವಳಿಗೆ ನಗು ತಡೆಯಲಾಗಲಿಲ್ಲ. ಒಂದೇ ಉಸಿರಿಗೆ ಗೀಚಿದಳು: ‘ಸಂಪಾದಕರ ಕಣ್ಣಿಗೆ ಬೀಳುವ ಮೊದಲೇ ನನ್ನ ತಪ್ಪು ತಿದ್ದಿ, ಆ ಚೀಟಿಯನ್ನು ಜೇಬಿಗಿಳಿಸಿ ಬಾಯಿ ಮುಚ್ಚಿಕೊಂಡಿರುತ್ತಾನೆ. ಪ್ರಪಂಚವನ್ನೆಲ್ಲ ತಿದ್ದುವವನು ನಾನು ಮಾತಾಡುವಾಗ ಮಾತ್ರ ಪೆನ್ನಿಗೆ ಮುಚ್ಚಳ ಹಾಕುತ್ತಾನೆ.’

ಈ ಚೀಟಿ ವಾಪಸು ಬರಲಿಲ್ಲ. ಆಚೆ ಕುರ್ಚಿ ಉರುಳಿದ ಸದ್ದಾಯಿತು. ಅವನು ಬಾಗಿಲಲ್ಲಿ ಬಂದು ನಿಂತ, ಮುಖ ಬಿಳಿಚಿಕೊಂಡಿತ್ತು.

"ಇದು ಉದಾಹರಣೆ ಅಲ್ವಾ?"

"ಅಲ್ಲ."

"ಮೊದಲ್ನೇ ಚೀಟೀನೂ?"

"ಅದೂ ಅಲ್ಲ."

"ಅಯ್ಯಯ್ಯೋ, ಅದಕ್ಕೆ ಸೊಗಸಾದ ವಾಕ್ಯ ಅಂತ ಬರೆದುಬಿಟ್ಟೆನಲ್ರೀ!"

ಪೆನ್ನು ಹಿಡಿದ ಕೈಯಿಂದಲೇ ಹಣೆ ಚಚ್ಚಿಕೊಂಡ. ಹಣೆಯ ಉದ್ದಕ್ಕೂ ಕೆಂಪು ಗೆರೆ ಬಿತ್ತು. ಅವಳು ಕಿಸಕ್ಕನೆ ನಕ್ಕಳು. ಅವನಿಗೂ ನಗು ಬಂತು. ಇಬ್ಬರೂ ಮೇಜು ಹಿಡಿದುಕೊಂಡು ಬಿಕ್ಕಳಿಕೆ ಬರುವ ತನಕ ನಕ್ಕರು.

ನಗು ನಿಂತ ಮೇಲೆ ಅವನು ಮೆಲ್ಲಗೆ ಕೇಳಿದ. "ಹೋಗ್ತೀರಾ? ಹೋದ್ರೆ ನಾನು ಬೈಯಲ್ಲ. ನನಗೂ ಮೂರು ದಿನದಿಂದ ನಿದ್ದೆ ಇಲ್ಲ. ಬೆಳಿಗ್ಗೆ ಎರಡು ಸಲ ಅರ್ಧ ದಾರಿಯಿಂದ ಮನೆಗೆ ವಾಪಸ್ ಹೋಗಿದ್ದೆ."

ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ಭಯವೆಂಬುದು ತನ್ನೊಬ್ಬಳ ಸ್ವಂತ ಆಸ್ತಿ ಎಂದುಕೊಂಡಿದ್ದಳು.

"ಎರಡು ಸಲಾನಾ? ಮತ್ತೆ ಯಾಕೆ ಬಂದ್ರಿ?"

"ನೀವು ಇಲ್ಲಿದ್ರಲ್ಲ."

ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವನ ಅಂಗಿಯ ತೋಳು ಹಿಡಿದು ಎಳೆದುಕೊಂಡೇ ನೋಂದಣಿ ಕಚೇರಿಗೆ ಹೊರಟಳು. ಇಬ್ಬರೂ ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿದ್ದಾಗ ಮೇಲಿನ ಕಟಕಟೆಯಿಂದ ಸಂಪಾದಕರು ಬಗ್ಗಿ ಕೂಗಿದರು.

"ಅಚ್ಚಿಗೆ ಹೊತ್ತಾಯ್ತು! ಉದಾಹರಣೆ ಎಲ್ಲಮ್ಮಾ?"

"ನನ್ನ ಹತ್ರ ಇಲ್ಲ ಸಾರ್," ಎಂದು ಅವಳು ಓಡುತ್ತಲೇ ಕೂಗಿದಳು. "ಬೇರೆ ಯಾರನ್ನಾದ್ರೂ ಕೇಳಿ!"