ಅಕ್ಕನ ಕಾಲು ಬಿಗಿ ಮಾಡಿದ್ದು

ಮೂರು ದಿನದಿಂದ ಅಕ್ಕನ ಸೈಕಲ್ಲಿನ ಹಿಂದಿನ ಚಕ್ರಕ್ಕೂ ನನಗೂ ಜಗಳ. ಅದರ ನಟ್ಟನಡುವಿನ ಹಬ್‌ಗೆ ಕಚ್ಕೊಂಡಿರೋ ಹಲ್ಲುಚಕ್ರಗಳ ಗೊಂಚಲು ಇದ್ಯಲ್ಲ, ಫ್ರೀವೀಲು, ಅದು ಜಪ್ಪಯ್ಯ ಅಂದ್ರೂ ಬಿಚ್ತಿಲ್ಲ. ಅದನ್ನ ಬಿಚ್ಚಿ, ಅದೇ ಹಬ್‌ಗೆ ಒಂದೇ ಒಂದು ಹಲ್ಲುಚಕ್ರ ಕೂರಿಸಿದ್ರೆ ಫಿಕ್ಸಿ ರೆಡಿ ಅನ್ನೋದು ನನ್ನ ಲೆಕ್ಕ. ಫಿಕ್ಸಿ ಅಂದ್ರೆ ಚಕ್ರ ತಿರುಗೋವಷ್ಟು ಹೊತ್ತೂ ಪೆಡಲ್ ತಿರುಗ್ತಾನೇ ಇರುತ್ತೆ, ಕಾಲಿಗೆ ರಜಾನೇ ಇಲ್ಲ.

ಐಡಿಯಾ ನನ್ನದಲ್ಲ, ಅಕ್ಕಂದು. ಹದಿನೇಳು ಹಲ್ಲಿನ ಚಕ್ರ, ಜೊತೆಗೊಂದು ತೆಳ್ಳನೆ ರಿಂಗು, ಎರಡನ್ನೂ ತಂದು ಕಾಲುಚೀಲದ ಡ್ರಾಯರಲ್ಲಿ ಇಟ್ಟಿದ್ಲು. ಆಮೇಲೆ ಜ್ವರ ಬಂತು. ಹನ್ನೊಂದು ದಿನ, ಅಷ್ಟೇ. ಹೋಗಿ ಒಂದು ವರ್ಷ ಆಯ್ತು.

ಹಬ್ ಮಾತ್ರ ಅವಳದೇ ಇರ್ಬೇಕು ಅಂತ ನನ್ನ ಹಠ. ಸೀಟು ಹರಿದಿತ್ತು, ಬದಲಾಯ್ಸಿದೆ. ಟೈರು ಬಿರುಕು ಬಿಟ್ಟಿತ್ತು, ಬದಲಾಯ್ಸಿದೆ. ಹಿಡಿಕೆ ಟೇಪೂ ಹೋಯ್ತು. ಹೀಗೇ ಹೋದ್ರೆ ಕೊನೆಗೆ ಅವಳದ್ದು ಅಂತ ಏನುಳಿಯುತ್ತೆ? ಕೆಲಸ ನಡೆಯೋದು ಅಕ್ಕನ ರೂಮಲ್ಲೇ. ಅಮ್ಮ ಬಾಗಿಲಲ್ಲಿ ನಿಂತು ನೋಡ್ತಾಳೆ, ಒಳಗೆ ಕಾಲಿಡಲ್ಲ. "ಊಟ ಆರ್ತಿದೆ" ಅಂತಾಳೆ, ಹೋಗ್ತಾಳೆ.

ನಾಲ್ಕನೇ ದಿನ ಚಕ್ರ ಹೊತ್ಕೊಂಡು ಸ್ಪೋಕ್ ಮಾಮನ ಅಂಗಡಿಗೆ ಹೋದೆ. ಸೈಕಲ್ ರಿಪೇರಿ ಅವರ ಕಸುಬು, ಆಳೂ ಸ್ಪೋಕಿನ ಹಾಗೇ ಇದ್ದಾರೆ. ಬಿಚ್ಚೋ ಹತಾರನ ಬೆಂಚಿಗೆ ಬಿಗಿದಿರೋ ವೈಸ್‌ಗೆ ಕಚ್ಚಿಸಿ, ಮೇಲೆ ಚಕ್ರ ಕೂರಿಸಿ, ಇಬ್ಬರೂ ಬಸ್ ಸ್ಟೀರಿಂಗ್ ಥರ ಹಿಡ್ಕೊಂಡು ತಿರುಗಿಸಿದ್ವಿ. ಬೆಂಚೇ ಅಲ್ಲಾಡ್ತು, ಅದು ಅಲ್ಲಾಡ್ಲಿಲ್ಲ.

"ನಿಮ್ಮಕ್ಕ ಏರಲ್ಲಿ ಸೀಟಿಂದ ಎದ್ದು ತುಳಿಯೋಳು, ಅಲ್ವಾ?"

"ಹೂಂ. ನನ್ನ ಕಾಲು ಸೊಪ್ಪಿನ ದಂಟು ಅನ್ನೋಳು."

"ಇದನ್ನ ಯಾರೂ ಕೈಯಲ್ಲಿ ಬಿಗಿ ಮಾಡಿಲ್ಲ ಕಣಪ್ಪ. ತುಳಿದಷ್ಟೂ ತಾನಾಗೇ ಬಿಗಿಯಾಗುತ್ತೆ. ಎಂಟು ವರ್ಷ ತುಳಿದು ಬಿಗಿ ಮಾಡಿದ್ದಾಳೆ. ದಂಟು ಬಂದು ಮೂರು ದಿನದಲ್ಲಿ ಬಿಚ್ತೀನಿ ಅಂದ್ರೆ?"

ನನಗೆ ನಗು ಬಂತು.

"ಉದ್ದ ಪೈಪ್ ಹಾಕಿದ್ರೆ ಬರುತ್ತೆ. ಬಿಚ್ಚಿ ಏನು ಹಾಕ್ತೀಯ, ತೋರ್ಸು."

ಜೇಬಿಂದ ತೆಗೆದು ಕೊಟ್ಟೆ. ಅವರು ರಿಂಗಿನ ಒಳಗೆ ಹೆಬ್ಬೆರಳು ಆಡಿಸಿದ್ರು.

"ಇದು ಉಲ್ಟಾ ಥ್ರೆಡ್ಡು, ಎಡಕ್ಕೆ ತಿರುಗಿಸಿದ್ರೆ ಬಿಗಿ. ಫಿಕ್ಸಿನ ಕಾಲಲ್ಲಿ ತಡೆದಾಗ ಹಲ್ಲುಚಕ್ರ ಬಿಚ್ಕೊಳೋಕೆ ನೋಡುತ್ತೆ, ಈ ರಿಂಗು ಅದಕ್ಕೆ ಅಡ್ಡಗಾಲು. ಈ ಹಳೇ ಹಬ್‌ನಲ್ಲಿ ಇದು ಕೂರೋಕೆ ಜಾಗನೇ ಇಲ್ಲ."

"ಹಾಗಾದ್ರೆ ಅಕ್ಕ ತಪ್ಪು ತಂದಿದ್ಲಾ?"

"ಯಾರು, ನಿಮ್ಮಕ್ಕನಾ? ನನಗೇ ಪಾಠ ಹೇಳೋಳು. ಹಬ್ ಬದಲಾಯ್ಸೋಕೇ ಹೊರಟಿದ್ಲು ಅವಳು."

ನಾನು ಟೈರಿನ ರಾಶಿ ಮೇಲೆ ಕೂತ್ಬಿಟ್ಟೆ. ಅವರು ಕೈ ಒರೆಸ್ಕೊಂಡ್ರು.

"ಪೈಪ್ ತರ್ಲಾ?"

"ಬೇಡ ಮಾಮ. ಅದು ಹಾಗೇ ಇರ್ಲಿ."

ಎರಡು ದಿನಕ್ಕೆ ಹೊಸ ಹಬ್ ಹಾಕಿ ಬೇರೆ ಚಕ್ರ ಕಟ್ಟಿಕೊಟ್ರು. ಅಕ್ಕನ ರೂಮಲ್ಲಿ ಕೂರಿಸೋಕೆ ಹೋದ್ರೆ ಫ್ರೇಮಿನ ಸಂದಿಗಿಂತ ಹೊಸ ಹಬ್ ಆರು ಮಿಲ್ಲಿಮೀಟರ್ ಗಿಡ್ಡ. ವಾಷರ್ ಹಾಕ್ಬೇಕು ಅಂತ ಗೊತ್ತಿತ್ತು. ಎಲ್ಲಾನೂ ಒಂದೇ ಕಡೆ ಹಾಕಿ ನಟ್ಟು ಬಿಗಿದೆ, ಚಕ್ರ ಎಡಕ್ಕೆ ವಾಲಿ ಫ್ರೇಮಿಗೆ ಉಜ್ತು. ಲೋ ಮಂಗ, ಆ ಕಡೆ ಅರ್ಧ ಈ ಕಡೆ ಅರ್ಧ, ಅಂತ ಯಾರೂ ಬೈಲಿಲ್ಲ. ನಾನೇ ಬೈಕೊಂಡೆ. ಮೂರು ಮಿಲ್ಲಿ ಅಲ್ಲಿ, ಮೂರು ಇಲ್ಲಿ. ಚೈನ್ ಎಳೆದು ಸರಿಯಾಗಿ ಕೂರಿಸೋವಾಗ ಚಕ್ರ ಹಿಡ್ಕೊಳೋಕೆ ಇನ್ನೊಂದು ಕೈ ಬೇಕಿತ್ತು. ಮೊಣಕಾಲಲ್ಲಿ ಒತ್ತಿ ಹಿಡ್ಕೊಂಡೆ.

ಮಾಮ ಹೇಳಿ ಕಳಿಸಿದ್ರು, ರಿಂಗನ್ನ ಈಗ್ಲೇ ಬಿಗಿಬೇಡ, ಮೊದಲು ನೀರಿನ ಟ್ಯಾಂಕಿನ ಏರು ಹತ್ತು, ತುಳಿದು ತುಳಿದು ಹಲ್ಲುಚಕ್ರ ಕೂರ್ಲಿ, ಆಮೇಲೆ ರಿಂಗು. ಅಲ್ಲೀವರೆಗೂ ಮುಂದಿನ ಬ್ರೇಕೇ ಗತಿ, ಕಾಲಲ್ಲಿ ತಡೆದ್ಯೋ ಗೋವಿಂದ.

ಬೆಳಿಗ್ಗೆ ಹೋದೆ. ಈ ಏರಲ್ಲಿ ಅಕ್ಕ ಯಾವಾಗ್ಲೂ ಮೊದಲು ಮುಟ್ಟೋಳು. ಮೇಲೆ ಟ್ಯಾಂಕಿನ ಸುತ್ತ ಸಮ ಜಾಗದಲ್ಲಿ, ಪೆಡಲ್ ನಿಲ್ಲಿಸಿ ಸುಮ್ನೆ ಸುತ್ತು ಹೊಡೀತಾ ನನಗೆ ಕಾಯೋಳು. ಫ್ರೀವೀಲಿನ ಟಿಕ್ ಟಿಕ್ ಕೆಳಗೆ ತಿರುವಿಗೇ ಕೇಳ್ಸೋದು. ಅದು ಕೇಳಿದ್ರೆ ಇನ್ನು ನಲವತ್ತು ತುಳಿತ ಅಂತ ನನಗೆ ಲೆಕ್ಕ.

ತಿರುವು ಬಂತು. ನಾನು ಸೀಟಿಂದ ಎದ್ದು ತುಳಿದೆ. ಚೈನಿನ ಸದ್ದು, ನನ್ನ ಉಸಿರು, ಅಷ್ಟೇ. ಆದ್ರೂ ಲೆಕ್ಕ ಹಾಕ್ದೆ. ಮೂವತ್ತಾರಕ್ಕೇ ಮೇಲಿದ್ದೆ.

ಟ್ಯಾಂಕಿನ ಹತ್ರ ಯಾರೂ ಇರ್ಲಿಲ್ಲ. ಸೈಕಲ್ಲನ್ನ ತಲೆಕೆಳಗಾಗಿ ನಿಲ್ಲಿಸಿ, ಚಕ್ರ ತಿರುಗದ ಹಾಗೆ ಮೊಣಕಾಲಲ್ಲಿ ಒತ್ತಿ, ಹಲ್ಲುಚಕ್ರನ ಕೈಯಲ್ಲಿ ಹಿಂದಕ್ಕೆ ತಿರುಗಿಸಿ ನೋಡ್ದೆ. ಅಲ್ಲಾಡ್ಲಿಲ್ಲ. ಎರಡೂ ಕೈ ಹಾಕಿದೆ. ಆಗ್ಲೂ ಇಲ್ಲ.

"ದಂಟು ಬಿಗಿ ಮಾಡಿದ್ದು ಕಣೇ," ಅಂದೆ.

ಅವಳು ತಂದಿಟ್ಟ ರಿಂಗನ್ನ ಎಡಕ್ಕೆ, ಎಡಕ್ಕೆ, ತಿರುಗೋವರೆಗೂ ತಿರುಗಿಸಿ ಬಿಗಿದೆ. ಆಮೇಲೆ ಇಳಿಯೋಕೆ ಶುರು ಮಾಡ್ದೆ, ಇಡೀ ಇಳಿಜಾರು ಕಾಲು ತಿರುಗ್ತಾನೇ ಇತ್ತು.