ಗುರುತಿನ ಶಾಯಿ

ಹೆಂಗಸರ ಬೂದು ಬಣ್ಣದ ಉದ್ದನೆಯ ಅಂಗಿಯನ್ನು ಹಲಗೆಯ ಮೇಲೆ ಹರವಿ, ಒಂದು ತೋಳು ಮುಗಿಸಿ ಇನ್ನೊಂದಕ್ಕೆ ನೀರು ಚಿಮುಕಿಸುತ್ತಿದ್ದಳು ಇಸ್ತ್ರಿಯಕ್ಕ. ಜೇಬಿನ ಸರದಿ ಬಂದಾಗ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎಡಗೈಯನ್ನು ಒಳಗೆ ಬಿಟ್ಟಳು. ಎರಡು ತಿಂಗಳ ಹಿಂದೆ ಅಂಗಡಿಯ ಹಬೆ ಯಂತ್ರದ ಮುಚ್ಚಳ ಬಿದ್ದು ಆ ಅಂಗೈ ಸುಟ್ಟಿತ್ತು. ಈಗ ಅಲ್ಲಿಯ ಚರ್ಮ ಬಿಗಿದುಕೊಂಡು, ಮುಟ್ಟಿದ್ದು ಏನೆಂದು ಚೆನ್ನಾಗಿ ತಿಳಿಯುತ್ತಿರಲಿಲ್ಲ. ಆದ್ದರಿಂದ ಜೇಬನ್ನು ಹೊರಕ್ಕೆ ಮಗುಚಿದಳು. ನಾಲ್ಕು ಮಡಿಕೆ ಮಾಡಿದ ಚೀಟಿಯೊಂದು ಹಲಗೆಯ ಮೇಲೆ ಬಿತ್ತು.

"ಏನೇ ಅದು, ಲವ್ ಲೆಟ್ರಾ?" ಎಂದಳು ಒಗೆಯುವ ತೊಟ್ಟಿಯ ಹತ್ತಿರ ನಿಂತಿದ್ದ ದೊಡ್ಡಮ್ಮ. ಆಕೆ ಯಾರ ದೊಡ್ಡಮ್ಮನೂ ಅಲ್ಲ, ಎಲ್ಲರಿಗಿಂತ ಹಳಬಳೆಂದು ಅಂಗಡಿಗೆಲ್ಲ ದೊಡ್ಡಮ್ಮ.

"ಏನೋ ಇರಲಿ. ನಮ್ಮ ಚೀಟಿಯಲ್ಲ, ನಮಗ್ಯಾಕೆ?"

ಅದು ಅಂಗಡಿಯ ಪದ್ಧತಿ. ಜೇಬಿನಲ್ಲಿ ಗುಂಡಿ ಸಿಗಲಿ, ಬಸ್ ಟಿಕೆಟ್ ಸಿಗಲಿ, ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಟ್ಟೆಯ ಕಟ್ಟಿನ ಮೇಲೆ ಪಿನ್ ಮಾಡಬೇಕು. ಒಂದು ಸೂಜಿಮೊನೆಯಷ್ಟೂ ಕಳೆಯಬಾರದು. ಹದಿನಾಲ್ಕು ವರ್ಷಗಳಲ್ಲಿ ಇಸ್ತ್ರಿಯಕ್ಕನ ಕೈಯಿಂದ ಏನೂ ಕಳೆದಿರಲಿಲ್ಲ. ಬಿಡಿಸಿ ಓದಿದ್ದೂ ಇಲ್ಲ. ಓದಲು ಬಾರದೆ ಅಲ್ಲ, ಬೇರೆಯವರ ಮಡಿಕೆ ಬಿಡಿಸುವುದು ಅವಳಿಗೆ ಬೇರೆಯವರ ಮನೆಯ ಬಾಗಿಲು ತಳ್ಳಿದಂತೆ.

ಚೀಟಿಯನ್ನು ಚೀಲಕ್ಕೆ ಹಾಕಿ, ನೀಲಿ ಗೇಟಿನ ಮನೆಯ ಕಟ್ಟಿಗೆ ಪಿನ್ ಮಾಡಿದಳು.

ಸಂಜೆ ಕಟ್ಟು ಒಯ್ಯಲು ಬಂದದ್ದು ಆ ಮನೆಯ ಯಜಮಾನರು. ಪ್ರತಿ ವಾರವೂ ಅಷ್ಟೇ. ಬಟ್ಟೆ ತಂದುಕೊಡುವುದು ಹೆಂಡತಿ, ಕೆಲಸ ಮುಗಿಸಿ ಹೋಗುವಾಗ ಒಯ್ಯುವುದು ಗಂಡ. ಇಸ್ತ್ರಿ ಮಾಡಿದ ಅಂಗಿಯ ಹಾಗೇ ಗೆರೆ ತಪ್ಪದ ಮನುಷ್ಯ, ಒಂದು ದಿನವೂ ಏರುದನಿಯಲ್ಲಿ ಮಾತಾಡಿದವರಲ್ಲ. ಕಟ್ಟೆಯ ಬಳಿ ನಿಂತೇ ಚೀಟಿ ಬಿಡಿಸಿ ಓದಿದರು. ಮೊದಲಿದ್ದ ಮಡಿಕೆಯಲ್ಲೇ ಮತ್ತೆ ಮಡಿಸಿ ಎದೆಯ ಜೇಬಿಗಿಟ್ಟುಕೊಂಡರು.

"ನಿಮ್ಮಂಥ ಪ್ರಾಮಾಣಿಕರು ಈ ಕಾಲದಲ್ಲಿ ಎಲ್ಲಮ್ಮ ಸಿಗ್ತಾರೆ?" ಎಂದು ನಕ್ಕು, ಅವಳ ಕೈಗೊಂದು ನೋಟು ಕೊಟ್ಟರು.

ಆ ನೋಟಿನಲ್ಲಿ ಅವಳು ಅಂಗೈಗೆ ಮುಲಾಮು ಕೊಂಡಳು.

ಮುಂದಿನ ವಾರ ನೀಲಿ ಗೇಟಿನ ಮನೆಯಿಂದ ಬರೀ ಗಂಡಸಿನ ಬಟ್ಟೆ ಬಂತು, ತಂದವರೂ ಅವರೇ. ಅದರ ಮುಂದಿನ ವಾರವೂ ಹಾಗೇ.

"ಹೆಂಡತಿ ತವರಿಗೆ ಹೋಗಿರಬೇಕು, ಪುಣ್ಯವಂತೆ," ಎಂದಳು ದೊಡ್ಡಮ್ಮ. "ನಂಗೂ ಒಂದು ತವರು ಇದ್ದಿದ್ರೆ ಈ ತೊಟ್ಟಿ ಪಕ್ಕ ಕಾಲು ನೆನೆಸ್ಕೊಂಡು ಯಾಕಿರ್ತಿದ್ದೆ?"

ಮೂರನೆಯ ವಾರ ಯಜಮಾನರು ಕಟ್ಟು ಒಯ್ಯಲು ಬರಲಿಲ್ಲ. ಅಂಗಡಿಯ ಮಾಲೀಕ ಇಸ್ತ್ರಿಯಕ್ಕನನ್ನೇ ಮನೆಗೆ ಕಳಿಸಿದ. ಬಾಗಿಲು ತೆರೆದದ್ದು ಆ ಹೆಂಗಸೇ. ಬಲಗೈ ಮೊಣಕೈವರೆಗೂ ಪ್ಲಾಸ್ಟರ್ ಪಟ್ಟಿಯಲ್ಲಿತ್ತು. ಮುಖದ ಒಂದು ಬದಿ ಹಳದಿಗೆ ತಿರುಗಿತ್ತು. ಪೆಟ್ಟು ಮಾಗುವಾಗ ಆಗುವ ಬಣ್ಣ ಅದು.

ಇಸ್ತ್ರಿಯಕ್ಕ ಕಟ್ಟನ್ನು ಹೊಸ್ತಿಲ ಬಳಿ ಇಟ್ಟಳು. "ಏನಾಯ್ತಮ್ಮ ಕೈಗೆ?"

ಆಕೆ ಒಳಗಿನ ಕೋಣೆಯ ಕಡೆ ತಿರುಗಿ ನೋಡಿದಳು. ಯಾರೋ ಫೋನಿನಲ್ಲಿ ಮೆತ್ತಗೆ ಮಾತಾಡುತ್ತಿರುವುದು ಕೇಳುತ್ತಿತ್ತು.

"ಆ ಚೀಟಿ ಪಿನ್ ಮಾಡಿದ್ದು ನೀವಾ?"

"ಹೌದಮ್ಮ."

"ಓದಿದ್ರಾ?"

"ಅಯ್ಯೋ ಇಲ್ಲಮ್ಮ, ನಾವು ಯಾರ ಚೀಟೀನೂ ಓದಲ್ಲ."

"ಓದಬೇಕಿತ್ತು," ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಹೆಂಗಸರ ಸಹಾಯ ಕೇಂದ್ರದ್ದು ಅದು. ಗುರುವಾರ ಬಾ ಅಂದಿದ್ರು. ಇರೋಕೆ ಜಾಗನೂ ಕೊಡ್ತೀವಿ ಅಂದಿದ್ರು."

ಇಸ್ತ್ರಿಯಕ್ಕ ದನಿ ತಗ್ಗಿಸಿ ಕೇಳಿದಳು. "ಇನ್ನೊಂದು ಸಲ ಬರೆಸಿಕೊಂಡು ಬರ್ಲಾ?"

"ಚೀಟಿ ಬೇಡ. ಪುಸ್ತಕ, ಡಬ್ಬಿ, ದಿಂಬು, ಎಲ್ಲಾ ಹುಡುಕ್ತಾರೆ. ನನ್ನ ಫೋನೂ ಅವರ ಹತ್ರಾನೇ ಇದೆ. ನಂಬರ್ ಗೊತ್ತಿದ್ರೆ ಪಕ್ಕದ ಮನೆಯವರ ಫೋನಲ್ಲಾದ್ರೂ..." ಒಳಗಿನ ಮಾತು ನಿಂತಿತು. ಆಕೆ ಕದದ ಹಿಂದೆ ನೇತುಹಾಕಿದ್ದ ಬೂದು ಅಂಗಿಯನ್ನು ಎಡಗೈಯಲ್ಲೇ ಎಳೆದು ಇಸ್ತ್ರಿಯಕ್ಕನ ತೋಳಿನ ಮೇಲೆ ಹಾಕಿ, ದನಿ ಏರಿಸಿ ಹೇಳಿದಳು. "ಇದನ್ನೊಂದು ಒಗೆದು ಕೊಟ್ಟುಬಿಡಿ."

"ಯಾರದು?" ಎಂದಿತು ಒಳಗಿನ ಮೆತ್ತನೆಯ ದನಿ.

"ಇಸ್ತ್ರಿಯವರು."

ಅಂಗಡಿಗೆ ಬಂದ ಮೇಲೆ ಇಸ್ತ್ರಿಯಕ್ಕ ಮುಲಾಮಿನ ಟ್ಯೂಬನ್ನು ಚೀಲದಿಂದ ತೆಗೆದು ಕಸದ ಬುಟ್ಟಿಗೆ ಹಾಕಿದಳು. ಅಂಗೈ ಉರಿಯುತ್ತಿತ್ತು. ಉರಿಯಲಿ ಎಂದುಕೊಂಡಳು.

ಅವಳ ಸುಟ್ಟ ಕೈಗೆ ಪಟ್ಟಿ ಕಟ್ಟಿದ್ದ ಚಿಕಿತ್ಸಾಲಯದ ನರ್ಸಕ್ಕ ತನ್ನ ಬಿಳಿ ಕೋಟುಗಳನ್ನು ಒಯ್ಯಲು ಬಂದದ್ದು ಮರುದಿನ ಬೆಳಿಗ್ಗೆ. ಮಾಲೀಕ ಇನ್ನೂ ಬಂದಿರಲಿಲ್ಲ. ಇಸ್ತ್ರಿಯಕ್ಕ ಯಾರ ಮನೆಯೆಂದು ಹೇಳದೆ, ಉಳಿದದ್ದನ್ನೆಲ್ಲ ಹೇಳಿದಳು. ಕೊನೆಗೆ, "ನಾನೇ ಆ ಕೈ ಮುರಿದ ಹಾಗಾಯ್ತು ಅಕ್ಕ," ಎಂದಳು.

"ಕೈ ಮುರಿದವನು ಬೇರೆ," ಎಂದಳು ನರ್ಸಕ್ಕ. "ನೀವು ಅವನ ಪಾಪ ಹೊತ್ಕೊಂಡು ಕೂತ್ರೆ ಅವನಿಗೇ ಹಗುರ."

ದೊಡ್ಡಮ್ಮ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಹತ್ತಿರ ಬಂದಳು. "ಗಂಡ ಹೆಂಡತಿ ವಿಷಯ. ಇವತ್ತು ಹೊಡೀತಾನೆ, ನಾಳೆ ಸರಿ ಹೋಗ್ತಾನೆ. ಮಧ್ಯೆ ಹೋದವರು ಮೂರ್ಖರಾಗ್ತಾರೆ."

"ನಿಮ್ಮ ಯಜಮಾನರು ಸರಿ ಹೋದ್ರಾ ದೊಡ್ಡಮ್ಮ?" ಎಂದಳು ನರ್ಸಕ್ಕ.

ದೊಡ್ಡಮ್ಮ ತೊಟ್ಟಿಯ ಕಡೆ ನೋಡಿದಳು. "ಹೋದ್ರು. ಸತ್ತು ಹೋದ್ರು."

ಇಸ್ತ್ರಿಯಕ್ಕ ಬಿಳಿ ಕೋಟುಗಳನ್ನು ಒಂದರ ಮೇಲೊಂದು ಜೋಡಿಸಿದಳು.

"ಆದ್ರೂ ಈ ಆಫೀಸುಗಳು ಗೊತ್ತಿಲ್ವಾ," ಎಂದು ದೊಡ್ಡಮ್ಮ ಮತ್ತೆ ಶುರು ಮಾಡಿದಳು. "ಪಿಂಚಣಿಗೆ ಅಂತ ಅಲೆದೆ ನಾನು. ಈ ಕಿಟಕಿಯವನು ಆ ಕಿಟಕಿಗೆ ಹೋಗು ಅಂತಾನೆ, ಆ ಕಿಟಕಿಯವನು ಊಟಕ್ಕೆ ಹೋಗಿರ್ತಾನೆ. ಅವನ ಹೊಟ್ಟೆ ತುಂಬೋ ಹೊತ್ತಿಗೆ ನನ್ನ ಆಯಸ್ಸೇ ಮುಗಿಯುತ್ತೆ."

"ಸುಳ್ಳಲ್ಲ ಅದು," ಎಂದಳು ನರ್ಸಕ್ಕ. "ಒಂದೇ ಸಲಕ್ಕೆ ಕೆಲಸ ಆಗುತ್ತೆ ಅಂತ ನಾನು ಹೇಳಲ್ಲ. ಅದಕ್ಕೇ ಮೊದಲು ಸಹಾಯ ಕೇಂದ್ರಕ್ಕೆ ಹೋಗಬೇಕು. ಯಾವ ಕಿಟಕಿ, ಯಾವ ಕಾಗದ, ಯಾರ ಹತ್ರ ಮಾತಾಡಬೇಕು ಅಂತ ಅವರು ಹೇಳ್ತಾರೆ, ಬೇಕಾದ್ರೆ ಜೊತೆಗೆ ಬರ್ತಾರೆ. ಆಗಲ್ಲ ಅಂದವರ ಹೆಸರು ಬರ್ಕೊಂಡು ಬಾ ಅಂತಾರೆ. ಹೆಸರು ಕೇಳಿದ ಕೂಡಲೇ ಎಷ್ಟೋ ಕಿಟಕಿಗಳು ತೆರೆಯುತ್ತವೆ ದೊಡ್ಡಮ್ಮ, ನೋಡಿದ್ದೀನಿ ನಾನು."

"ಪೊಲೀಸು ಕೋರ್ಟು ಅಂತ ಎಳೀತಾರಲ್ಲ?" ಎಂದಳು ದೊಡ್ಡಮ್ಮ.

"ಅವಳು ಬೇಡ ಅಂದ್ರೆ ಇಲ್ಲ. ಮೊದಲು ಬರೀ ಕೇಳಿಸ್ಕೊಳ್ತಾರೆ. ವಕೀಲರು ಬೇಕಾ, ಇರೋಕೆ ಜಾಗ ಬೇಕಾ, ಅದು ಅವಳಿಗೆ ಬಿಟ್ಟಿದ್ದು. ನಾವು ಅವಸರ ಮಾಡಿ ಅವಳ ಪರವಾಗಿ ತೀರ್ಮಾನ ಮಾಡಬಾರದು. ಕೂಗಾಟ ಕೇಳಿ ಜೀವಕ್ಕೇ ಅಪಾಯ ಅನ್ನಿಸಿದ್ರೆ ಮಾತ್ರ ಯಾರನ್ನೂ ಕೇಳದೆ ತಕ್ಷಣ ಪೊಲೀಸರಿಗೆ ಫೋನ್ ಮಾಡಿ."

"ನಿಮಗೆ ನಂಬರ್ ಬಾಯಿಗೆ ಬರುತ್ತಾ?" ಎಂದು ಕೇಳಿದಳು ಇಸ್ತ್ರಿಯಕ್ಕ.

"ಬರದೆ ಏನು? ನಮ್ಮಲ್ಲಿ ಹೆಂಗಸರ ಶೌಚಾಲಯದ ಕದದ ಒಳಗಡೆ ಅಂಟಿಸಿದ್ದೀವಿ. ಗಂಡಂದಿರು ಜೊತೆಗೆ ಬಾರದ ಜಾಗ ಅದೊಂದೇ." ನರ್ಸಕ್ಕ ನಂಬರ್ ಹೇಳಿದಳು. ಇಸ್ತ್ರಿಯಕ್ಕ ಬರೆದುಕೊಳ್ಳಲಿಲ್ಲ. ಮೂರು ಸಲ ಹೇಳಿಸಿ ಮೂರು ಸಲ ಒಪ್ಪಿಸಿದಳು.

ಕೋಟುಗಳನ್ನು ತೆಗೆದುಕೊಳ್ಳುವಾಗ ನರ್ಸಕ್ಕ ಅವಳ ಅಂಗೈ ಹಿಡಿದು ತಿರುಗಿಸಿ ನೋಡಿದಳು. "ಇದಕ್ಕೆ ಖರ್ಚು ಕೊಟ್ರಾ ಮಾಲೀಕರು?"

"ಎಲ್ಲಿ ಕೊಡ್ತಾರೆ. ನಿನ್ನದೇ ಅಜಾಗ್ರತೆ ಅಂದ್ರು. ಮನೇಲಿದ್ದ ದಿನಗಳ ಸಂಬಳಾನೂ ಹಿಡಿದುಕೊಂಡ್ರು."

"ಆ ಮುಚ್ಚಳದ ಕೊಂಡಿ ಮುರಿದಿದೆ ಅಂತ ಮೊದಲೇ ಹೇಳಿದ್ರಿ ಅಲ್ವಾ?"

"ಎರಡು ಸಲ."

"ಅದೇ ಕೇಂದ್ರದಲ್ಲಿ ಕೆಲಸದ ವಿಷಯಕ್ಕೂ ಒಬ್ಬರು ಕೂರ್ತಾರೆ. ಗುರುವಾರ."

"ನಂದೇನು ಬಿಡಿ ಅಕ್ಕ," ಎಂದು ಇಸ್ತ್ರಿಯಕ್ಕ ಕೈ ಹಿಂದಕ್ಕೆಳೆದುಕೊಂಡಳು. "ನಂದು ಬರೀ ಚರ್ಮ."

ಒಗೆಯುವ ಅಂಗಡಿಯಲ್ಲಿ ಪ್ರತಿ ಬಟ್ಟೆಗೂ ಒಂದು ಗುರುತಿರುತ್ತದೆ. ಕತ್ತಿನ ಪಟ್ಟಿಯ ಒಳಗೋ ಅಂಚಿನ ಮಡಿಕೆಯಲ್ಲೋ, ಎಷ್ಟು ಒಗೆದರೂ ಹೋಗದ ಕಪ್ಪು ಶಾಯಿಯಲ್ಲಿ ಬರೆದ ಅಂಕಿಗಳು. ಯಾರೂ ಅವನ್ನು ಓದುವುದಿಲ್ಲ. ಕಣ್ಣಿಗೆ ಬಿದ್ದರೂ ಬಟ್ಟೆಯದೇ ಒಂದು ದಾರದ ಹಾಗೆ ಕಾಣುತ್ತವೆ. ಆ ಮಧ್ಯಾಹ್ನ ಇಸ್ತ್ರಿಯಕ್ಕ ಬೂದು ಅಂಗಿಯ ಕತ್ತಿನ ಪಟ್ಟಿಯನ್ನು ಮಗುಚಿ, ಹಳೆಯ ಗುರುತಿನ ಕೆಳಗೆ ನಿಧಾನವಾಗಿ ಅಂಕಿಗಳನ್ನು ಬರೆದಳು. ಬಿಲ್ಲಿನ ನಂಬರಿನಂತೆ ಕಾಣಲೆಂದು ನಡುವೆ ಒಂದು ಅಡ್ಡಗೆರೆ ಎಳೆದಳು. ಶಾಯಿ ಒಣಗುವವರೆಗೆ ಊದಿದಳು. ದೊಡ್ಡಮ್ಮ ತೊಟ್ಟಿಯ ಬಳಿಯಿಂದ ನೋಡುತ್ತಿದ್ದಳು. ಮಾಲೀಕ ಒಳಗೆ ಬಂದಾಗ ನೀರಿನ ನಲ್ಲಿಯನ್ನು ಜೋರಾಗಿ ತಿರುಗಿಸಿ, "ಸ್ವಲ್ಪ ಇಲ್ಲಿ ನೋಡಿ ಯಜಮಾನ್ರೆ, ನಲ್ಲಿ ಸೋರ್ತಾ ಇದೆ," ಎಂದು ಅವನನ್ನು ತನ್ನ ಕಡೆ ಕರೆದುಕೊಂಡಳು.

ಅಂಗಿ ತಲುಪಿಸಲು ಹೋದಾಗ ಬಾಗಿಲಲ್ಲಿ ಯಜಮಾನರೇ ನಿಂತಿದ್ದರು. ಅವಳ ಎದುರೇ ಎರಡೂ ಜೇಬುಗಳಿಗೆ ಬೆರಳು ಹಾಕಿ ನೋಡಿದರು. ಕತ್ತಿನ ಪಟ್ಟಿಯನ್ನು ಹಿಡಿದು ಅಂಗಿಯನ್ನು ಒದರಿದರು.

"ಇವತ್ತು ಏನೂ ಸಿಗಲಿಲ್ವಾ?" ಎಂದು ನಕ್ಕರು.

"ಇಲ್ಲ ಸರ್." ಅವರ ಹೆಗಲಾಚೆ ನಿಂತಿದ್ದ ಹೆಂಗಸಿನತ್ತ ನೋಡಿ, ದಿನವೂ ಹತ್ತು ಜನರಿಗೆ ಹೇಳುವ ಮಾತನ್ನು ಹೇಳುವಂತೆ ಹೇಳಿದಳು. "ಅಮ್ಮಾ, ಅಂಗಡಿ ಗುರುತು ಮಾಸಿಹೋಗಿತ್ತು. ಹೊಸ ನಂಬರ್ ಹಾಕಿದೀನಿ."

ಆಕೆ ರೆಪ್ಪೆ ಕೂಡ ಅಲುಗಿಸಲಿಲ್ಲ. "ಸರಿ," ಎಂದಳು.

ಹತ್ತು ದಿನ ಕಳೆಯಿತು. ಆ ಹತ್ತು ದಿನಗಳಲ್ಲಿ ಇಸ್ತ್ರಿಯಕ್ಕ ಎರಡು ಅಂಗಿಗಳನ್ನು ಇಸ್ತ್ರಿಯಲ್ಲಿ ಸುಟ್ಟಳು. ಹದಿನಾಲ್ಕು ವರ್ಷಗಳಲ್ಲಿ ಅದೇ ಮೊದಲನೆಯ ಸಲ. ಗುರುತು ಅವನ ಕಣ್ಣಿಗೆ ಬಿತ್ತೇ? ಪಕ್ಕದ ಮನೆಯವರು ಫೋನ್ ಕೊಡಲಿಲ್ಲವೇ? ಇನ್ನೊಂದು ಕೈಯನ್ನೂ ಮುರಿದನೇ? ಯಾರನ್ನು ಕೇಳುವುದೆಂದು ತಿಳಿಯಲಿಲ್ಲ. ನೀಲಿ ಗೇಟಿನ ಮುಂದೆ ಹಾದು ಹೋಗುವಾಗ ಕಿಟಕಿಗಳು ಮುಚ್ಚಿದ್ದವು.

ಹನ್ನೊಂದನೆಯ ದಿನ ಯಜಮಾನರು ಅಂಗಡಿಗೆ ಬಂದರು. ಕೈಯಲ್ಲಿ ಬಟ್ಟೆ ಇರಲಿಲ್ಲ. ಅಂಗಿಯ ಒಂದು ಗುಂಡಿ ತಪ್ಪಾದ ಕಾಜಕ್ಕೆ ಸೇರಿತ್ತು. ಅದು ಅವಳಿಗೆ ಮೊದಲು ಕಂಡಿತು.

"ನಮ್ಮನೆಯವಳು ಇಲ್ಲಿಗೆ ಬಂದಿದ್ಲಾ?"

"ಇಲ್ಲ ಸರ್."

"ಏನಾದ್ರೂ ಕೊಟ್ಟಿದ್ರಾ ಅವಳಿಗೆ? ಚೀಟಿ ಗೀಟಿ?"

ಇಸ್ತ್ರಿಯಕ್ಕ ಪೆಟ್ಟಿಗೆಯನ್ನು ಅದರ ಹಿಂಬದಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು. ತಲೆಯೆತ್ತಿ ಅವರ ಮುಖವನ್ನೇ ನೋಡಿದಳು.

"ಜೇಬಲ್ಲಿ ಸಿಕ್ಕಿದ್ದನ್ನೆಲ್ಲ ನಿಮ್ಮ ಕೈಗೇ ಕೊಟ್ಟಿದ್ದೀವಲ್ಲ ಸರ್."

ಅವರು ಬಹಳ ಹೊತ್ತು ನಿಂತಿದ್ದರು. ಮಾಲೀಕ ಎದ್ದು ಬಂದ. ದೊಡ್ಡಮ್ಮ ಒದ್ದೆ ಬಟ್ಟೆಯ ಬುಟ್ಟಿಯನ್ನು ಹೊತ್ತು ತಂದು ಅವರಿಗೂ ಇಸ್ತ್ರಿಯಕ್ಕನಿಗೂ ನಡುವೆ ದೊಪ್ಪನೆ ಇಟ್ಟಳು. ಅವರು ಹೊರಟುಹೋದರು.

ಆಕೆ ಎಲ್ಲಿಗೆ ಹೋದಳೆಂದು ಇಸ್ತ್ರಿಯಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಕೇಂದ್ರದವರು ಹೇಳುವುದಿಲ್ಲ, ಹೇಳಲೂಬಾರದು. ಕೈ ನೆಟ್ಟಗೆ ಕೂಡಿಕೊಂಡಿತೋ ಇಲ್ಲವೋ, ಅದೂ ಗೊತ್ತಿಲ್ಲ. ಆ ಬೂದು ಅಂಗಿ ಮತ್ತೆಂದೂ ಅಂಗಡಿಗೆ ಬರಲಿಲ್ಲ. ಅಷ್ಟು ಮಾತ್ರ ಅವಳಿಗೆ ಗೊತ್ತು.

ಯಜಮಾನರು ಬಂದುಹೋದ ಮೇಲಿನ ಬುಧವಾರ ಸಂಜೆ ಹಬೆ ಯಂತ್ರವನ್ನು ಆರಿಸಿ, ಮುರಿದ ಕೊಂಡಿಗೆ ಕಟ್ಟಿದ್ದ ಹಗ್ಗವನ್ನು ಅವಳು ಸುಮ್ಮನೆ ನೋಡುತ್ತಾ ನಿಂತಳು. ನಾಳೆ ಇದೇ ಮುಚ್ಚಳದ ಕೆಳಗೆ ದೊಡ್ಡಮ್ಮನ ಕೈಯೂ ಇರಬಹುದು. ತನ್ನ ಏಪ್ರನ್ ಬಿಚ್ಚಿ, ಒಳಪಟ್ಟಿಯನ್ನು ಮಗುಚಿ, ಶಾಯಿಯ ಕಡ್ಡಿಯನ್ನು ತೆಗೆದುಕೊಂಡಳು. ನಂಬರ್ ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಬರೆದಳು. ಕೆಳಗೆ ಸಣ್ಣದಾಗಿ, ಗುರುವಾರ ಎಂದು ಬರೆದಳು.

"ಏನೇ ಅದು?" ಎಂದಳು ಚಪ್ಪಲಿ ಹಾಕಿಕೊಳ್ಳುತ್ತಿದ್ದ ದೊಡ್ಡಮ್ಮ.

"ಗುರುತು ಮಾಸಿತ್ತು," ಎಂದಳು ಇಸ್ತ್ರಿಯಕ್ಕ. ಏಪ್ರನ್ನನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಈ ಕಥೆಯನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ತಂಗಿ, ಅಮ್ಮ, ನಿಮ್ಮ ಊರಿನ ಸಹಾಯ ಕೇಂದ್ರದ ನಂಬರ್ ನಿಮಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ನಾಳೆಯೇ ಆಸ್ಪತ್ರೆಯಲ್ಲೋ, ಮಕ್ಕಳ ಶಾಲೆಯಲ್ಲೋ, ನಿಮ್ಮ ಸಂಘದ ಸಭೆಯಲ್ಲೋ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಹೊಡೆತ, ಕೆಲಸದಲ್ಲಿ ಗಾಯ, ಹಿಡಿದಿಟ್ಟ ಸಂಬಳ, ಒಬ್ಬರೇ ನುಂಗಿಕೊಳ್ಳುತ್ತಿರುವ ಯಾವ ಕಷ್ಟವೇ ಆಗಲಿ, ಕೇಳಿಸಿಕೊಳ್ಳಲು ಅಲ್ಲಿ ಒಬ್ಬರು ಕೂತಿರುತ್ತಾರೆ. ಮೊದಲ ಸಲ ಕೆಲಸವಾಗದಿದ್ದರೆ ಎರಡನೆಯ ಸಲ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಬೇರೊಬ್ಬಳಿಗೆ ನಂಬರ್ ಕೊಡುವ ಮುನ್ನ, ಅದನ್ನು ಎಲ್ಲಿಟ್ಟುಕೊಂಡರೆ ಅವಳಿಗೆ ಅಪಾಯವಿಲ್ಲ ಎಂದು ಅವಳನ್ನೇ ಕೇಳಿ. ಚೀಟಿ ಪರರ ಕೈ ಸೇರಬಹುದು. ಆದ್ದರಿಂದ ಮೊದಲು ನೀವು ಬಾಯಿಪಾಠ ಮಾಡಿ. ನಿಮಗೆ ಬೇಡವಾದರೂ ಮಾಡಿ. ಯಾವ ಬಾಗಿಲಲ್ಲಿ ನಿಂತು ಯಾರು ಕೇಳುತ್ತಾರೋ ತಿಳಿಯದು.